ಚಳಿ ತಡೆದವರು ಹೇಳಿದ್ದು, ಹೇಳದೆ ಬಿಟ್ಟಿದ್ದು

"ನಮ್ಮ ಕಾಲದಲ್ಲಿ ಇಂಥಾ ಚಳಿಗೆಲ್ಲ ಯಾರೂ ಹೆದರುತ್ತಿರಲಿಲ್ಲ." ಈ ಮಾತನ್ನು ನಾನು ಎರಡು ಕಡೆ ಕೇಳಿದ್ದೇನೆ. ಒಂದು, ವಿಜಯಪುರ ಜಿಲ್ಲೆಯ ನನ್ನ ತವರೂರು. ಇನ್ನೊಂದು, ಈಗ ನಾನು ಸಂಸಾರ ಮಾಡಿಕೊಂಡಿರುವ ಅಮೆರಿಕದ ಮಿನ್ನೆಸೋಟ. ಎರಡು ಕಡೆಯ ಚಳಿಗೂ ಹೋಲಿಕೆಯೇ ಇಲ್ಲ. ತವರಲ್ಲಿ ಮಾಗಿಯ ಒಂದು ರಾತ್ರಿ 10 ಡಿಗ್ರಿಗಿಂತ ಕೆಳಗಿಳಿದರೆ ಪೇಪರಿನಲ್ಲಿ ಸುದ್ದಿ ಬರುತ್ತದೆ. ಮಿನ್ನೆಸೋಟದ ದೊಡ್ಡ ನಗರ ಮಿನಿಯಾಪೊಲಿಸ್‌ನಲ್ಲಿ ಜನವರಿ ರಾತ್ರಿಗಳ ಸರಾಸರಿಯೇ ಮೈನಸ್ 13 ಡಿಗ್ರಿ. ಆದರೂ ಮಾತು ಅದೇ, ಹೇಳುವಾಗ ಎದೆಯುಬ್ಬುವ ರೀತಿಯೂ ಅದೇ. ಮುಂದಿನ ವಾಕ್ಯವೂ ಗೊತ್ತಿದ್ದದ್ದೇ: "ಈಗಿನ ಮಕ್ಕಳಿಗೆ ಏನೂ ತಡೆಯಲ್ಲ."

ಈ ಮಾತಿನ ಬಗ್ಗೆ ನನಗೆ ಬಹಳ ದಿನದಿಂದ ಒಂದು ತಕರಾರಿದೆ. ಹಿರಿಯರು ಗಟ್ಟಿಗರಾಗಿದ್ದರು, ಅದರಲ್ಲಿ ಅನುಮಾನ ಇಲ್ಲ. ಆದರೆ ಅವರು ಹೇಳುವುದು ಅರ್ಧ ಕಥೆ. ಚಳಿ ತಡೆದು ಉಳಿದವರು ಹೇಳುತ್ತಾರೆ. ತಡೆಯಲಾಗದೆ ಹೋದವರು ಹೇಳಲು ಉಳಿದಿಲ್ಲ, ಅಲ್ವಾ? ಇವತ್ತು ನಾವು ಯಾವುದನ್ನು ಮಕ್ಕಳ ಮೆತ್ತಗಿನ ಬದುಕು ಅಂತ ಆಡಿಕೊಳ್ಳುತ್ತೇವೋ, ಅದರಲ್ಲಿ ಬಹುಪಾಲು ಹಾಗೆ ಹೋದವರಿಂದ ಕಲಿತದ್ದು. ಮಿನ್ನೆಸೋಟದ ಚಳಿಯ ಕಥೆಗಳನ್ನು ಕೇಳುತ್ತಾ, ಓದುತ್ತಾ ನನಗೆ ಇದು ಗಟ್ಟಿಯಾಯಿತು.

1888ರ ಜನವರಿ 12ರಿಂದ ಶುರು ಮಾಡುತ್ತೇನೆ. ಆ ದಿನ ಬೆಳಗ್ಗೆ ಡಕೋಟ, ನೆಬ್ರಾಸ್ಕ ಮತ್ತು ಮಿನ್ನೆಸೋಟದ ಬಯಲುಗಳಲ್ಲಿ ಹವೆ ಹಿತವಾಗಿತ್ತು. ದಿನಗಟ್ಟಲೆ ಕೊರೆದ ಚಳಿಯ ನಡುವೆ ಸಿಕ್ಕ ಬಿಡುವು ಅದು. ರೈತರು ದನಗಳನ್ನು ಹೊರಗೆ ಬಿಟ್ಟರು. ಮಕ್ಕಳು ದಪ್ಪ ಕೋಟು ಇಲ್ಲದೆ ಶಾಲೆಗೆ ಓಡಿದರು. ಆಮೇಲೆ ವಾಯವ್ಯದಿಂದ ಬಿರುಗಾಳಿ ನುಗ್ಗಿತು. ಕೆಲವೇ ನಿಮಿಷಗಳಲ್ಲಿ ಬಿಸಿ ಇಳಿಯಿತು. ಜೋಳದ ಹಿಟ್ಟಿನಷ್ಟು ನುಣ್ಣಗಿನ ಹಿಮದ ಪುಡಿ ಕಣ್ಣು, ಮೂಗು, ಬಾಯಿಯೊಳಗೆಲ್ಲ ತುಂಬಿತು. ಚಾಚಿದ ಕೈ ತನಗೇ ಕಾಣದಷ್ಟು ಬಿಳಿ.

ಆ ಬಯಲಿನ ಶಾಲೆ ಅಂದರೆ ಒಂದೇ ಕೋಣೆ, ಒಂದು ಒಲೆ, ಒಬ್ಬ ಟೀಚರ್. ಎಷ್ಟೋ ಟೀಚರ್‌ಗಳಿಗೆ ತಮ್ಮ ದೊಡ್ಡ ವಿದ್ಯಾರ್ಥಿಗಳಿಗಿಂತ ನಾಲ್ಕೈದು ವರ್ಷ ಜಾಸ್ತಿ ವಯಸ್ಸು, ಅಷ್ಟೇ. ಒಲೆಗೆ ಹಾಕಲು ಉಳಿದದ್ದು ಸ್ವಲ್ಪ ಸೌದೆ ಅಥವಾ ಕಲ್ಲಿದ್ದಲು. ಫೋನಿಲ್ಲ, ಸುದ್ದಿ ಇಲ್ಲ. ಮಕ್ಕಳನ್ನು ಒಳಗೇ ಇಟ್ಟುಕೊಂಡರೆ ರಾತ್ರಿಯೊಳಗೆ ಒಲೆ ಆರಬಹುದು. ಮನೆಗೆ ಕಳಿಸಿದರೆ ದಾರಿಯೇ ಕಾಣದು. ಈ ತೀರ್ಮಾನವನ್ನು ಆ ಟೀಚರ್ ಹುಡುಗಿಯರು ಒಬ್ಬೊಬ್ಬರೇ ನಿಂತು ಮಾಡಬೇಕಾಯಿತು. ನೆಬ್ರಾಸ್ಕದ ಮಿನ್ನಿ ಫ್ರೀಮನ್ ಎಂಬ ಟೀಚರ್ ಶಾಲೆಯ ಚಾವಣಿಯೇ ಕಿತ್ತುಹೋದ ಮೇಲೆ ಮಕ್ಕಳನ್ನೆಲ್ಲ ಕರೆದುಕೊಂಡು ಹತ್ತಿರದ ತೋಟದ ಮನೆ ಮುಟ್ಟಿದಳು. ಎಲ್ಲರೂ ಉಳಿದರು. ದೇಶವೇ ಅವಳನ್ನು ಕೊಂಡಾಡಿತು. ಬೇರೆ ಶಾಲೆಗಳ ಮಕ್ಕಳು ಮನೆಯ ಬೇಲಿಯಿಂದ ಸ್ವಲ್ಪವೇ ದೂರದಲ್ಲಿ ಹಿಮದಡಿ ಸಿಕ್ಕರು. ಒಟ್ಟು 235 ಮಂದಿ ಸತ್ತರು ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಸತ್ತವರಲ್ಲಿ ಶಾಲೆಯಿಂದ ಹೊರಟಿದ್ದ ಮಕ್ಕಳು ಎಷ್ಟೋ ಮಂದಿ ಇದ್ದರು. ಅದಕ್ಕೇ ಅದನ್ನು ಇವತ್ತಿಗೂ ಮಕ್ಕಳ ಬಿರುಗಾಳಿ ಅಂತಲೇ ಕರೆಯುತ್ತಾರೆ.

ಆ ಅಪ್ಪ ಅಮ್ಮಂದಿರಲ್ಲಿ ಬಹಳ ಮಂದಿ ನಾರ್ವೆ, ಸ್ವೀಡನ್, ಜರ್ಮನಿಯಿಂದ ಬಂದವರು. ಚಳಿ ಅವರಿಗೆ ಹೊಸದಾಗಿರಲಿಲ್ಲ. ಗುಡ್ಡ, ಮರ ಯಾವುದೂ ಅಡ್ಡ ಇಲ್ಲದ ಈ ಬಯಲಿನ ಗಾಳಿ ಹೊಸದು. ಈ ನೆಲದ ಚಳಿಗಾಲವನ್ನು ತಲೆಮಾರುಗಳಿಂದ ಬಲ್ಲವರು ಬೇರೆ ಇದ್ದರು. ಇಲ್ಲಿನ ಮೂಲನಿವಾಸಿಗಳಾದ ಡಕೋಟ ಜನ ಚಳಿಗಾಲಕ್ಕೆ ಬಯಲು ಬಿಟ್ಟು ನದಿ ಪಕ್ಕದ ಕಾಡಿನ ತಗ್ಗುಗಳಿಗೆ ಇಳಿಯುತ್ತಿದ್ದರು. ಟಿಪಿ ಎಂಬ ತಮ್ಮ ಗುಡಾರದ ಒಳಗೆ ಇನ್ನೊಂದು ಪದರ ಕಟ್ಟಿ, ನಡುವೆ ಒಣಹುಲ್ಲು ತುರುಕಿ ಗಾಳಿ ತಡೆಯುತ್ತಿದ್ದರು. ಅವರಿಗೆ ವರ್ಷ ಅಂದರೆ ಒಂದು ಮೊದಲ ಹಿಮದಿಂದ ಮುಂದಿನ ಮೊದಲ ಹಿಮದವರೆಗೆ. ಡಕೋಟ, ಲಕೋಟ ಜನ ಪ್ರತಿ ವರ್ಷಕ್ಕೂ ಚರ್ಮದ ಮೇಲೆ ಒಂದು ಚಿತ್ರ ಬರೆದು, ಹೋದ ಚಳಿಗಾಲಗಳನ್ನು ನೆನಪಿಡುತ್ತಿದ್ದರು. 1862ರಲ್ಲಿ ಡಕೋಟ ಜನರಿಗೂ ಅಮೆರಿಕಕ್ಕೂ ಯುದ್ಧ ನಡೆದ ನಂತರ, 1863ರಲ್ಲಿ, ಅಮೆರಿಕ ಸರ್ಕಾರ ಡಕೋಟ ಜನರನ್ನೇ ಮಿನ್ನೆಸೋಟದಿಂದ ಹೊರಹಾಕಿತು. ಬಯಲಿನ ಚಳಿ ಹೇಗೆ ತಡೆಯಬೇಕು ಅಂತ ಕೇಳಬಹುದಾಗಿದ್ದವರನ್ನು ಓಡಿಸಿ, ಆ ಜಾಗದಲ್ಲಿ ಗೊತ್ತಿಲ್ಲದವರನ್ನು ಕೂರಿಸಿದ ಹಾಗಾಯಿತು. ಇದನ್ನು ಬಿಟ್ಟು ಇಲ್ಲಿನ ಚಳಿಯ ಚರಿತ್ರೆ ಹೇಳುವುದು ನನಗೆ ಸರಿ ಕಾಣುವುದಿಲ್ಲ.

1888ರಲ್ಲಿ ಹವಾಮಾನ ನೋಡುವ ಕೆಲಸ ಸೈನ್ಯದ ಸಿಗ್ನಲ್ ಕೋರ್‌ನದ್ದು. ತಂತಿ ಸುದ್ದಿ ಬರುತ್ತಿದ್ದದ್ದು ರೈಲು ಸ್ಟೇಷನ್ ಇರುವ ಊರಿಗೆ. ಹೊಲದ ನಡುವಿನ ಶಾಲೆಗೆ ಅದು ಮುಟ್ಟುವ ದಾರಿಯೇ ಇರಲಿಲ್ಲ. ಎರಡು ವರ್ಷದ ಮೇಲೆ, 1890ರಲ್ಲಿ, ಈ ಕೆಲಸವನ್ನು ಸೈನ್ಯದಿಂದ ತೆಗೆದು ಕೃಷಿ ಇಲಾಖೆಗೆ ಕೊಡುವ ಕಾನೂನು ಬಂತು.

ಅಷ್ಟಕ್ಕೇ ಪಾಠ ಮುಗಿಯಲಿಲ್ಲ. 1940ರ ನವೆಂಬರ್ 11, ಮೊದಲ ಮಹಾಯುದ್ಧ ಮುಗಿದ ನೆನಪಿನ ರಜೆ. ಅವತ್ತೂ ಬೆಳಗ್ಗೆ ಬೆಚ್ಚಗಿತ್ತು. ಬಾತುಕೋಳಿ ಬೇಟೆಗೆ ಹೇಳಿ ಮಾಡಿಸಿದ ದಿನ ಅಂತ ನೂರಾರು ಜನ ತೆಳ್ಳನೆ ಜಾಕೆಟ್ ಹಾಕಿಕೊಂಡು ಮಿಸ್ಸಿಸಿಪ್ಪಿ ನದಿಯ ನಡುಗಡ್ಡೆಗಳಿಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಮಳೆ, ಆಮೇಲೆ ಹಿಮ, ಜೊತೆಗೆ ದೋಣಿ ಮಗುಚುವಂಥ ಗಾಳಿ. ಮಿನ್ನೆಸೋಟ ಒಂದರಲ್ಲೇ 49 ಮಂದಿ ಸತ್ತರು, ಅವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಬೇಟೆಗೆ ಹೋದವರು. ವಿನೋನ ಊರಿನ ಮ್ಯಾಕ್ಸ್ ಕಾನ್ರಾಡ್ ಎಂಬ ಪೈಲಟ್ ಮರುದಿನ ಪುಟ್ಟ ವಿಮಾನದಲ್ಲಿ ನದಿಯ ಮೇಲೆ ಹಾರಾಡಿ, ಸಿಕ್ಕಿಬಿದ್ದವರಿಗೆ ಬೇಕಾದ್ದನ್ನು ಮೇಲಿಂದ ಹಾಕಿದ. ಅವರು ಎಲ್ಲಿದ್ದಾರೆ ಅಂತ ಹುಡುಕುವವರಿಗೆ ತೋರಿಸಿದ.

ಆಗ ಮಿನ್ನೆಸೋಟದ ಮುನ್ಸೂಚನೆ ತಯಾರಾಗುತ್ತಿದ್ದದ್ದು ದೂರದ ಶಿಕಾಗೋದಲ್ಲಿ. ರಾತ್ರಿ ಪಾಳಿಯಲ್ಲಿ ಅಲ್ಲಿ ಯಾರೂ ಇರುತ್ತಿರಲಿಲ್ಲ. ಈ ಸಾವುಗಳ ಮೇಲೆ ಹಗಲು ರಾತ್ರಿ ಕೆಲಸ ಶುರುವಾಯಿತು, ಇಲ್ಲಿನ ಕಚೇರಿಗೇ ಮುನ್ಸೂಚನೆ ಕೊಡುವ ಅಧಿಕಾರ ಬಂತು. ಇವತ್ತು ಬಿರುಗಾಳಿ ಬರುವುದಿದ್ದರೆ ನನ್ನ ಫೋನ್ ಬೆಳಗಿನ ಜಾವ ಕಿರುಚಿ ಎಬ್ಬಿಸುತ್ತದೆ. ಮನೆಯವರೆಲ್ಲ ಗೊಣಗುತ್ತಾರೆ. ನಾನು ಗೊಣಗುವುದಿಲ್ಲ. ಆ ಸದ್ದಿನ ಹಿಂದೆ ಎಷ್ಟು ಜನರ ಜೀವ ಇದೆ ಅಂತ ಗೊತ್ತು.

ನಮ್ಮ ಪಕ್ಕದ ಮನೆಯ ಅಜ್ಜಿಗೆ ತೊಂಬತ್ತು ದಾಟಿದೆ. ನಾರ್ವೆ ಮೂಲದ ರೈತರ ಮನೆಯಲ್ಲಿ ಹುಟ್ಟಿ ಬೆಳೆದವರು. ಚಳಿಗಾಲ ಬಂದರೆ ಅವರ ಅಪ್ಪ ಮನೆಯ ಹಿಂಬಾಗಿಲಿನಿಂದ ಕೊಟ್ಟಿಗೆವರೆಗೆ ಒಂದು ಹಗ್ಗ ಕಟ್ಟುತ್ತಿದ್ದರಂತೆ. ಬಿರುಗಾಳಿ ಎದ್ದಾಗ ಹಾಲು ಕರೆಯಲು ಹೋಗುವವರು ಆ ಹಗ್ಗ ಹಿಡಿದೇ ಹೋಗಬೇಕು, ಹಿಡಿದೇ ಬರಬೇಕು. ನೂರು ಹೆಜ್ಜೆ ದೂರದ ಕೊಟ್ಟಿಗೆಗೆ ಹೋಗಿ ವಾಪಸ್ ಬರುವಾಗ ದಿಕ್ಕು ತಪ್ಪಿ ಸತ್ತವರ ಕಥೆ ಆ ಕಡೆಯ ಎಲ್ಲ ಊರಲ್ಲೂ ಇತ್ತು. "ನಾವು ಎಂಥಾ ಚಳಿಯಲ್ಲೂ ನಡೆದೇ ಶಾಲೆಗೆ ಹೋಗುತ್ತಿದ್ದೆವು" ಅಂತ ಅವರೂ ಹೇಳುತ್ತಾರೆ, ನಗುತ್ತಲೇ. ಅದೇ ಅಜ್ಜಿ ಒಂದು ದಿನ ಕಾಫಿ ಕುಡಿಯುತ್ತಾ ತಮ್ಮ ಅಣ್ಣನ ಕೈ ವಿಚಾರ ಹೇಳಿದರು. ಹುಡುಗನಾಗಿದ್ದಾಗ ಒದ್ದೆ ಕೈಗವಸಿನಲ್ಲೇ ಕೆಲಸ ಮಾಡಿ ಎರಡು ಬೆರಳಿನ ತುದಿ ಹೋಗಿತ್ತು. ಮುಂದೆ ಜೀವಮಾನವಿಡೀ ಅವನಿಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದೇ ಕಷ್ಟವಾಯಿತು. ಅಣ್ಣನ ಹೆಂಡತಿ ಹಾಕುತ್ತಿದ್ದಳು. ಶಾಲೆಗೆ ನಡೆದದ್ದನ್ನು ಅವರು ಊರಿಗೆಲ್ಲ ಹೇಳಿದ್ದಾರೆ. ಬೆರಳಿನ ವಿಷಯ ಹೇಳಿದ್ದು ಆ ಒಂದೇ ದಿನ.

ನಮ್ಮ ಅವ್ವನೂ ಹೀಗೇ. ಒಂದು ಚಳಿಗಾಲ ಇಲ್ಲಿಗೆ ಬಂದು ನಮ್ಮ ಜೊತೆ ಇದ್ದಳು. ಮೊಮ್ಮಗಳು ಶಾಲೆಗೆ ಹೊರಡುವ ಮೊದಲು ಸ್ನೋಪ್ಯಾಂಟ್, ಬೂಟು, ಟೋಪಿ, ಕೈಗವಸು ಅಂತ ಹಾಕಿಕೊಳ್ಳುವುದನ್ನು ಸೋಫಾದ ಮೇಲೆ ಕಾಲು ಮಡಚಿ ಕೂತು ನೋಡುತ್ತಿದ್ದಳು. "ಏನ್ ಥಂಡಿ ಥಂಡಿ ಅಂತೀರಿ. ನಾವು ನಸುಕಿನ್ಯಾಗ ಎದ್ದು ಹೊಲಕ್ಕ ಹೋಗ್ತಿದ್ವಿ. ಕಾಲಾಗ ಚಪ್ಲಿ ಸುದ್ದಾ ಇರ್ತಿರ್ಲಿಲ್ಲ" ಅನ್ನುತ್ತಿದ್ದಳು. ಬಾಗಿಲು ತೆರೆದು ಒಂದು ಸಲ ಹೊರಗಿನ ಗಾಳಿ ಮುಖಕ್ಕೆ ಬಡಿದ ಮೇಲೂ ಆ ಮಾತು ಬಿಡಲಿಲ್ಲ.

ಆದರೆ ಚಳಿಯ ವಿದ್ಯೆ ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಮೊಮ್ಮಗಳು ಒಂದೇ ದಪ್ಪ ಸ್ವೆಟರ್ ತೊಟ್ಟು ಹೊರಟರೆ ನಿಲ್ಲಿಸಿ, "ದಪ್ಪಂದು ಒಂದ್ ಬ್ಯಾಡ, ತೆಳ್ಳಂದು ಎರಡ್ ಹಾಕ್ಕೊ. ನಡುವ ಗಾಳಿ ನಿಲ್ಲಬೇಕು" ಅನ್ನುವಳು. ಇಲ್ಲಿನ ಅಂಗಡಿಯವರು ಪದರ ಪದರವಾಗಿ ಬಟ್ಟೆ ಹಾಕಬೇಕು ಅಂತ ಹೇಳಿಕೊಡುವುದು ಇದನ್ನೇ. ಅವ್ವ ಅದನ್ನು ಕೌದಿ ಹೊಲಿದು ಕಲಿತವಳು. ಹಳೆ ಸೀರೆ, ಹರಿದ ಧೋತರ ಒಂದರ ಮೇಲೊಂದು ಹಾಸಿ, ಅಂಚಿನಿಂದ ಒಳಗೆ ಸುತ್ತಿಕೊಂಡು ಬರುವ ಹಾಗೆ ಸಾಲಾಗಿ ಹೊಲಿಗೆ ಹಾಕುತ್ತಾರೆ. ಕೌದಿಯ ಬೆಚ್ಚಗೆ ಇರುವುದು ಆ ಪದರಗಳ ನಡುವೆ. ಉಣ್ಣೆ ಒದ್ದೆಯಾದರೂ ಬಿಸಿ ಬಿಡುವುದಿಲ್ಲ, ಹತ್ತಿ ಬಿಡುತ್ತದೆ. ಇದನ್ನೂ ಅವ್ವ ಕಂಬಳಿಯಿಂದ ಬಲ್ಲಳು. ನಮ್ಮ ಕಡೆಯ ಕುರುಬರು ದಖನಿ ಕುರಿಯ ಉಣ್ಣೆ ನೂತು, ಹುಣಸೆ ಬೀಜದ ಗಂಜಿ ಹಾಕಿ ನೇಯುವ ಕರಿ ಕಂಬಳಿ ಚುಚ್ಚುತ್ತದೆ ನಿಜ. ಆದರೆ ಮಳೆಯಲ್ಲೂ ಮಾಗಿಯಲ್ಲೂ ಅದನ್ನೇ ಕೊಪ್ಪೆ ಮಾಡಿ ಹೊದ್ದು ಹೊಲದಲ್ಲಿ ಕುರಿ ಕಾಯುತ್ತಾ ರಾತ್ರಿ ಕಳೆಯುತ್ತಾರೆ. ಹಿಂಗಾರಿ ಜೋಳ ಹಾಲುಗಟ್ಟುವ ಹೊತ್ತಿಗೆ ಕುಳ್ಳಿನ ಬೆಂಕಿಯಲ್ಲಿ ತೆನೆ ಸುಟ್ಟು, ಬಿಸಿಬಿಸಿ ಸೀತನಿ ತಿಕ್ಕಿ, ಶೇಂಗಾ ಚಟ್ನಿ, ಬೆಲ್ಲ ಹಚ್ಚಿ ತಿನ್ನುವ ಸುಖ ಆ ಚಳಿಯ ಜೊತೆಯದ್ದು. ಅದನ್ನು ಹೇಳುವಾಗ ಅವ್ವನ ಕಣ್ಣು ಹೊಳೆಯುತ್ತಿತ್ತು. ಚಳಿಯ ಬಗ್ಗೆ ಹಿರಿಯರು ಹೇಳುವುದೆಲ್ಲ ಜಂಬ ಅಂತ ನಾನು ಹೇಳುತ್ತಿಲ್ಲ. ಈ ಸುಖಗಳು ನಿಜ.

ಒಂದು ರಾತ್ರಿ ಮಲಗುವ ಕೋಣೆಯ ಹೊರಗೆ ಗೋಡೆಗೆ ಹಾಕಿದ ಬಿಳಿ ಡಬ್ಬಿಯನ್ನು ತೋರಿಸಿ "ಇದೇನ್ ಬೇ?" ಅಂತ ಕೇಳಿದಳು. ಕಾರ್ಬನ್ ಮೊನಾಕ್ಸೈಡ್ ಅಲಾರಂ. ಕಿಟಕಿ ಬಾಗಿಲು ಮುಚ್ಚಿದ ಮನೆಯಲ್ಲಿ ಒಲೆಯೋ ಹೀಟರೋ ಸರಿಯಾಗಿ ಉರಿಯದಿದ್ದರೆ ಬಣ್ಣ ಇಲ್ಲದ, ವಾಸನೆ ಇಲ್ಲದ ವಿಷದ ಗಾಳಿ ತುಂಬುತ್ತದೆ, ಮಲಗಿದವರಿಗೆ ಗೊತ್ತೇ ಆಗುವುದಿಲ್ಲ, ಅದಕ್ಕೇ ಮಿನ್ನೆಸೋಟದಲ್ಲಿ ಮಲಗುವ ಕೋಣೆಯ ಹತ್ತಿರ ಇದನ್ನು ಹಾಕಲೇಬೇಕು ಅಂತ ಕಾನೂನಿದೆ ಅಂದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ತಮ್ಮ ಓಣಿಯ ಒಬ್ಬ ಮುದುಕಿಯ ವಿಷಯ ಹೇಳಿದಳು. ಮಾಗಿಯ ರಾತ್ರಿ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ ಇಟ್ಟುಕೊಂಡು, ಕದ ಮುಚ್ಚಿ ಮಲಗಿದ್ದಳಂತೆ. ಬೆಳಗ್ಗೆ ಏಳಲಿಲ್ಲ. "ಥಂಡಿಗೆ ಹೋದ್ಲು ಅಂದ್ರು ಎಲ್ಲಾರೂ. ನಾವೂ ಹಂಗ ತಿಳಕೊಂಡಿದ್ವಿ." ಆಮೇಲೆ ಇನ್ನೂ ಒಬ್ಬರ ಹೆಸರು ನೆನಪಾಯಿತು ಅವಳಿಗೆ. ಬಾಣಂತಿ ಕೋಣೆಯದ್ದು. ಚಪ್ಪಲಿ ಇಲ್ಲದೆ ಹೊಲಕ್ಕೆ ಹೋದ ಕಥೆಯಲ್ಲಿ ಇವರು ಯಾರೂ ಬಂದಿರಲಿಲ್ಲ.

ಅವತ್ತಿನಿಂದ ಅವ್ವ ಜಂಬ ಬಿಟ್ಟಳು ಅಂತೇನಲ್ಲ. ಬಿಡುವುದೂ ಬೇಡ. ಆದರೆ ನಮ್ಮ ಕಾರಿನ ಡಿಕ್ಕಿಯಲ್ಲಿ ಏನೇನಿದೆ ಅಂತ ಕೂಲಂಕಷವಾಗಿ ಕೇಳಿದಳು.

ಡಿಕ್ಕಿಯಲ್ಲಿ ಇರುವುದು ಇಷ್ಟು. ಒಂದು ಸಣ್ಣ ಸಲಿಕೆ. ಚಕ್ರ ಜಾರಿದಾಗ ಕೆಳಗೆ ಹಾಕಲು ಒಂದು ಚೀಲ ಮರಳು. ಬ್ಯಾಟರಿಗೆ ಜಂಪರ್ ಕೇಬಲ್. ಉಣ್ಣೆಯ ಹೊದಿಕೆ ಎರಡು. ಇನ್ನೊಂದು ಜೊತೆ ಕಾಲುಚೀಲ, ಟೋಪಿ. ಖಾಲಿ ಕಾಫಿ ಡಬ್ಬಿಯೊಳಗೆ ನಿಲ್ಲಿಸಿದ ಗಿಡ್ಡ ದಪ್ಪ ಮೇಣದಬತ್ತಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಡ್ಡಿಪೆಟ್ಟಿಗೆ. ರಸ್ತೆ ಮುಚ್ಚಿ ಕಾರಲ್ಲೇ ರಾತ್ರಿ ಕಳೆಯಬೇಕಾದರೆ ಆ ಒಂದು ಬತ್ತಿಯ ಬಿಸಿಯೂ ಕೆಲಸಕ್ಕೆ ಬರುತ್ತದೆ. ಅದೇ ಡಬ್ಬಿಯಲ್ಲಿ ಹಿಮ ಕರಗಿಸಿ ನೀರು ಮಾಡಿಕೊಳ್ಳಬಹುದು. ಕಾರು ಬಿಟ್ಟು ಇಳಿದು ನಡೆಯಬಾರದು. ಇಂಜಿನ್ ಗಂಟೆಗೆ ಹತ್ತು ನಿಮಿಷ ಮಾತ್ರ ಓಡಿಸಬೇಕು. ಓಡಿಸುವ ಮೊದಲು ಹೊಗೆ ಕೊಳವೆಗೆ ಹಿಮ ಮುಚ್ಚಿಲ್ಲ ಅಂತ ನೋಡಬೇಕು, ಕಿಟಕಿ ಒಂದಿಷ್ಟು ತೆರೆದಿರಬೇಕು. ಈ ಮಾತು ಕೇಳಿ ಅವ್ವ ತಲೆಯಾಡಿಸಿದಳು. ಅಗ್ಗಿಷ್ಟಿಗೆಯ ವಿಷಯವೂ ಅದೇ ತಾನೇ. ಮರುದಿನ ಒಂದು ಡಬ್ಬಿ ಶೇಂಗಾ ಚಿಕ್ಕಿ ಮಾಡಿ ಡಿಕ್ಕಿಗೆ ಸೇರಿಸಿದಳು. ಅದು ಚಳಿಗೆ ಕೆಡುವುದಿಲ್ಲ, ಹೊಟ್ಟೆ ಹಿಡಿಯುತ್ತದೆ. ಈಗ ಪ್ರತಿ ವರ್ಷ ನಾನೇ ಮಾಡಿ ಇಡುತ್ತೇನೆ.

ನನ್ನ ವಯಸ್ಸಿನ ಮಿನ್ನೆಸೋಟದವರನ್ನು ಚಳಿಯ ಬಗ್ಗೆ ಕೇಳಿ. ಎಲ್ಲರೂ 1991ರ ಹ್ಯಾಲೋವೀನ್ ಹೇಳುತ್ತಾರೆ. ಅಕ್ಟೋಬರ್ 31ಕ್ಕೆ ಶುರುವಾದ ಹಿಮ ನವೆಂಬರ್ 3ರ ಹೊತ್ತಿಗೆ ಮಿನಿಯಾಪೊಲಿಸ್‌ನಲ್ಲಿ 28.4 ಇಂಚು ಬಿದ್ದಿತ್ತು, ಡುಲುತ್‌ನಲ್ಲಿ 36.9 ಇಂಚು. ವೇಷ ಹಾಕಿಕೊಂಡ ಮಕ್ಕಳು ಮೇಲೆ ದಪ್ಪ ಜಾಕೆಟ್ ತೊಟ್ಟು ಮನೆಮನೆಗೆ ಮಿಠಾಯಿ ಕೇಳುತ್ತಾ ಹೋದರು. ಇದು ಸಂತೋಷದ ನೆನಪು. ಆಗ ಮಕ್ಕಳಾಗಿದ್ದವರ ಮುಖದಲ್ಲಿ ಅದು ಈಗಲೂ ಕಾಣುತ್ತದೆ. ಅದೇ ತಲೆಮಾರಿನವರು ಇನ್ನೊಂದು ದಿನವನ್ನೂ ಹೇಳುತ್ತಾರೆ. 1996ರ ಫೆಬ್ರವರಿ 2ರಂದು ಟವರ್ ಎಂಬ ಊರಲ್ಲಿ ಮೈನಸ್ 51 ಡಿಗ್ರಿ ಆಯಿತು. ರಾಜ್ಯದ ದಾಖಲೆ ಅದು, ಇವತ್ತಿಗೂ ಮುರಿದಿಲ್ಲ. ಅವತ್ತು ಗವರ್ನರ್ ಆರ್ನಿ ಕಾರ್ಲ್‌ಸನ್ ರಾಜ್ಯದ ಶಾಲೆಗಳನ್ನೆಲ್ಲ ಮುಚ್ಚಿಸಿದರು. 2014ರ ಜನವರಿಯಲ್ಲಿ ಮಾರ್ಕ್ ಡೇಟನ್ ಗವರ್ನರ್ ಆಗಿದ್ದಾಗಲೂ ಹಾಗೇ ಮುಚ್ಚಿದರು. ಆಗ "ಇಷ್ಟಕ್ಕೆಲ್ಲ ಶಾಲೆ ಮುಚ್ಚಬೇಕಾ" ಅಂದವರು ಬಹಳ ಜನ. ನನಗಂತೂ 1888ರ ಆ ಟೀಚರ್‌ಗಳು ನೆನಪಾಗುತ್ತಾರೆ. ಒಬ್ಬ ಚಿಕ್ಕ ಹುಡುಗಿ ಒಂಟಿಯಾಗಿ ನಿಂತು ಮಾಡಬೇಕಾಗಿದ್ದ ತೀರ್ಮಾನವನ್ನು ಈಗ ಅಧಿಕಾರ ಇರುವವರು ಹಿಂದಿನ ದಿನವೇ ಮಾಡುತ್ತಾರೆ. ಮಗು ಮನೆಯಲ್ಲೇ ಇರುತ್ತದೆ. ಇದು ಮೆತ್ತಗಾದದ್ದು ಅಂತ ಹೇಗೆ ಹೇಳುವುದು?

ಊರಿನ ನಡುವೆ ಕಟ್ಟಡದಿಂದ ಕಟ್ಟಡಕ್ಕೆ ಗಾಜಿನ ಸೇತುವೆ ಹಾಕಿದ್ದೂ ಹಿಂದಿನ ತಲೆಮಾರು. ಮಿನಿಯಾಪೊಲಿಸ್‌ನ ಮೊದಲ ಸ್ಕೈವೇ 1962ರದ್ದು. ಈಗ ಆ ಜಾಲ ಸುಮಾರು 15 ಕಿಲೋಮೀಟರ್ ಇದೆ. ಕೋಟು ಹಾಕದೆ ಆಫೀಸಿಂದ ಊಟಕ್ಕೆ, ಊಟದಿಂದ ಬ್ಯಾಂಕಿಗೆ ಹೋಗಬಹುದು. ಆದರೆ ಸ್ಕೈವೇ ಕೆಳಗಿನ ಬಸ್ ಸ್ಟಾಪಿನಲ್ಲಿ ನಿಂತು ಕಾಯುವವರು ಇದ್ದೇ ಇದ್ದಾರೆ. ಮನೆ ಬಾಗಿಲಿಗೆ ಪಾರ್ಸೆಲ್ ತರುವವರು, ರಾತ್ರಿ ಹಿಮ ತೆಗೆಯುವ ಗಾಡಿ ಓಡಿಸುವವರು, ಮಲಗಲು ಜಾಗವೇ ಇಲ್ಲದವರು ಇದ್ದಾರೆ. ಶೂನ್ಯಕ್ಕಿಂತ 18 ಡಿಗ್ರಿ ಕೆಳಗೆ, ಗಂಟೆಗೆ 15 ಮೈಲಿ ಗಾಳಿ ಇದ್ದರೆ ತೆರೆದ ಚರ್ಮ ಅರ್ಧ ಗಂಟೆಯಲ್ಲಿ ಹೆಪ್ಪುಗಟ್ಟಬಹುದು ಅಂತ ಹವಾಮಾನ ಇಲಾಖೆಯ ಪಟ್ಟಿ ಹೇಳುತ್ತದೆ. ಅರ್ಧ ಗಂಟೆ ಅಂದರೆ ತಪ್ಪಿದ ಒಂದು ಬಸ್ಸು. ಹಾಗಾಗಿ ಇವತ್ತಿನ ತಲೆಮಾರಿಗೆ ಚಳಿ ಕಡಿಮೆಯಾಗಿದೆ ಅನ್ನುವಾಗ ಯಾರಿಗೆ ಅಂತಲೂ ಕೇಳಬೇಕು. 1888ರ ಬಿರುಗಾಳಿಗೆ ಎಲ್ಲರೂ ಸಿಕ್ಕಿದ್ದರು. ಈಗ ಕೈಯಲ್ಲಿ ದುಡ್ಡಿಲ್ಲದವರು ಜಾಸ್ತಿ ಸಿಗುತ್ತಾರೆ.

2019ರ ಜನವರಿ ಕೊನೆಯ ವಾರ ನೆನಪಿನಲ್ಲಿ ಉಳಿದಿದೆ. 30ರ ಬೆಳಗ್ಗೆ ಮಿನಿಯಾಪೊಲಿಸ್‌ನಲ್ಲಿ ಮೈನಸ್ 33 ಡಿಗ್ರಿ, ಗಾಳಿ ಸೇರಿದರೆ ಮೈನಸ್ 45ಕ್ಕೂ ಕೆಳಗೆ. ಅವತ್ತು ಅಂಚೆ ಇಲಾಖೆಯೇ ರಾಜ್ಯದಲ್ಲಿ ಟಪಾಲು ಹಂಚುವುದನ್ನು ನಿಲ್ಲಿಸಿತ್ತು. ಆ ರಾತ್ರಿ ಉತ್ತರದ ಪ್ರಿನ್ಸ್‌ಟನ್ ಸುತ್ತಮುತ್ತ ಕೆಲವು ಮನೆಗಳಿಗೆ ಗ್ಯಾಸ್ ಬರುವುದು ನಿಂತುಹೋಯಿತು. ಕೊಳವೆಯಲ್ಲಿ ಒತ್ತಡ ಉಳಿಸಲು ಗ್ಯಾಸ್ ಕಂಪನಿಯವರು ರಾಜ್ಯದ ತಮ್ಮ ಗ್ರಾಹಕರೆಲ್ಲ ಥರ್ಮೋಸ್ಟಾಟ್ 63 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ 17 ಡಿಗ್ರಿಗೆ ಇಳಿಸಿ ಅಂತ ಕೇಳಿಕೊಂಡರು. ನಾವು ಇಳಿಸಿದೆವು. ಪಕ್ಕದ ಮನೆ ಅಜ್ಜಿಯೂ ಇಳಿಸಿದರು. ಬೇಡ, ನಿಮಗೆ ವಯಸ್ಸಾಗಿದೆ ಅಂದರೂ ಕೇಳಲಿಲ್ಲ. ಎಲ್ಲ ಸೇರಿ ನಮ್ಮ ಮನೆಯಲ್ಲಿ ಒಂದೇ ಕೋಣೆಯಲ್ಲಿ ಕೂತು, ಅವ್ವ ಬಿಟ್ಟುಹೋಗಿದ್ದ ಕೌದಿ ಹೊದ್ದು ಬಿಸಿ ಸಾರು ಕುಡಿದೆವು. ಅಜ್ಜಿಯ ಅಪ್ಪ ಹಗ್ಗ ಕಟ್ಟಿದ್ದು ತಮ್ಮ ಮನೆಯವರಿಗಾಗಿ. ಈಗಿನ ಜನ ಹೆಸರೇ ಗೊತ್ತಿಲ್ಲದವರ ಮನೆ ಬೆಚ್ಚಗಿರಲಿ ಅಂತ ತಮ್ಮ ಮನೆಯ ಬಿಸಿ ಇಳಿಸಿದರು. ಈಗಿನವರಿಗೆ ಗಟ್ಟಿತನ ಇಲ್ಲ ಅನ್ನುವವರಿಗೆ ನಾನು ಈ ರಾತ್ರಿಯ ಕಥೆ ಹೇಳುತ್ತೇನೆ.

ಇನ್ನು ನಮ್ಮ ಮಕ್ಕಳು. ಇಲ್ಲೇ ಹುಟ್ಟಿದವರು. ಮೈನಸ್ ಐದಕ್ಕೆ ಜಾಕೆಟ್ಟಿನ ಜಿಪ್ ಹಾಕದೆ ಓಡುತ್ತಾರೆ. ಹಿಮದಲ್ಲಿ ಹೇಗೆ ಬೀಳಬೇಕು ಅಂತ ನನಗೆ ಅವರೇ ಹೇಳಿಕೊಟ್ಟರು. ಅವರಿಗೆ ಇರುವ ಒಂದೇ ದುಃಖ, ಹಿಮ ಬಿದ್ದ ದಿನದ ರಜೆ ಕಡಿಮೆಯಾದದ್ದು. ವರ್ಷಕ್ಕೆ ಐದು ದಿನದವರೆಗೆ ಮನೆಯಿಂದಲೇ ಆನ್‌ಲೈನ್ ಪಾಠ ಮಾಡಲು ಇಲ್ಲಿನ ಕಾನೂನು ಶಾಲೆಗಳಿಗೆ ಬಿಟ್ಟಿದೆ. ಹೊರಗೆ ಒಂದು ಅಡಿ ಹಿಮ ಬಿದ್ದಿರುವಾಗ ಮಕ್ಕಳು ಒಳಗೆ ಲ್ಯಾಪ್‌ಟಾಪ್ ಮುಂದೆ ಕೂರಬೇಕು. ಇದು ನನಗೂ ಇಷ್ಟ ಇಲ್ಲ. ಹಿಮದಲ್ಲಿ ಆಡದೆ ಬೆಳೆದ ಮಗುವಿಗೆ ಹಿಮದ ಹದ ಹೇಗೆ ಗೊತ್ತಾಗಬೇಕು?

ಆ ಹದವೇ ಈಗ ತಪ್ಪುತ್ತಿದೆ. ನನಗೆ ಜಾಸ್ತಿ ಚಿಂತೆ ಇರುವುದು ಇಲ್ಲಿ. 2023-24ರ ಚಳಿಗಾಲ ಮಿನ್ನೆಸೋಟದ ದಾಖಲೆಯಲ್ಲೇ ಎಲ್ಲಕ್ಕಿಂತ ಬೆಚ್ಚಗಿನದು. ಕ್ರಿಸ್‌ಮಸ್‌ಗೆ ಹಿಮದ ಬದಲು ಮಳೆ ಸುರಿಯಿತು. ಇಲ್ಲಿನವರಿಗೆ ಕೆರೆ ಹೆಪ್ಪುಗಟ್ಟಿದ ಮೇಲೆ ಅದರ ಮೇಲೆ ಗುಡಿಸಲು ಎಳೆದು, ತೂತು ಕೊರೆದು ಮೀನು ಹಿಡಿಯುವುದು ತಲೆಮಾರುಗಳಿಂದ ಬಂದದ್ದು. ಯಾವ ಕೆರೆ ಯಾವ ತಿಂಗಳು ಗಟ್ಟಿಯಾಗುತ್ತದೆ ಅಂತ ಅಜ್ಜ ಮೊಮ್ಮಗನಿಗೆ ಹೇಳಿಕೊಡುತ್ತಾನೆ. ಡಿಸೆಂಬರ್ ಕೊನೆಗೆ ಉತ್ತರದ ಅಪ್ಪರ್ ರೆಡ್ ಲೇಕ್ ಮೇಲೆ ಹಾಗೆ ಕೂತಿದ್ದ ನೂರಕ್ಕೂ ಹೆಚ್ಚು ಜನರನ್ನು ಹೊತ್ತ ಹಿಮಗಡ್ಡೆಯೇ ದಡದಿಂದ ಬಿರುಕುಬಿಟ್ಟು ತೇಲಿಹೋಯಿತು. ಅವರನ್ನೆಲ್ಲ ದೋಣಿಗಳಲ್ಲಿ ಕರೆತರಬೇಕಾಯಿತು. ಅವರು ಅರಿಯದವರೇನಲ್ಲ. ಅಜ್ಜನ ಲೆಕ್ಕ ಕಲಿತವರೇ. ಕೆರೆ ಆ ಲೆಕ್ಕದಂತೆ ನಡೆಯುತ್ತಿಲ್ಲ.

ಇಲ್ಲಿಯವರೆಗೆ ಒಂದೊಂದು ತಲೆಮಾರೂ ಹಿಂದಿನವರು ಕಲಿತದ್ದಕ್ಕೆ ಸ್ವಲ್ಪ ಸೇರಿಸಿಕೊಂಡು ಬಂತು. ಚಳಿಗಾಲ ಬರುವುದರಲ್ಲಿ ಅನುಮಾನ ಇರಲಿಲ್ಲ. ಎಷ್ಟು ಜೋರು ಅನ್ನುವುದು ಮಾತ್ರ ಪ್ರಶ್ನೆ. ನನ್ನ ಮಕ್ಕಳಿಗೆ ಸಿಗುವುದು ಬೇರೆ ಥರದ ಚಳಿಗಾಲ. ಒಂದು ವಾರ ಬೆಚ್ಚಗೆ, ಮಳೆ, ಆ ಮಳೆ ರಾತ್ರಿ ರಸ್ತೆ ಮೇಲೆ ಗಾಜಾಗಿ ಕೂರುತ್ತದೆ, ಮರುದಿನವೇ ಮೈನಸ್ 25. 1888ರಲ್ಲೂ 1940ರಲ್ಲೂ ಜನ ಸತ್ತದ್ದು ಬೆಚ್ಚಗಿನ ಬೆಳಗನ್ನು ನಂಬಿ. ಈಗ ಅಂಥ ಬೆಳಗುಗಳು ಜಾಸ್ತಿ.

ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಪ್ರತಿ ಆಗಸ್ಟ್‌ನಲ್ಲಿ ಒಂದು ಮೆಸೇಜ್ ಹೋಗುತ್ತದೆ. ಯೂನಿವರ್ಸಿಟಿಗೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ. ಬೆಂಗಳೂರಿನಲ್ಲಿ ದುಡ್ಡು ಸುರಿದು ಜಾಕೆಟ್ ತರಬೇಡಿ, ಇಲ್ಲಿ ನಮ್ಮ ಮಕ್ಕಳು ತೊಟ್ಟು ಬಿಟ್ಟ ಒಳ್ಳೆಯ ಕೋಟು, ಬೂಟು ಇವೆ, ಬಂದು ತೆಗೆದುಕೊಂಡು ಹೋಗಿ. ಹತ್ತಿಯ ಕಾಲುಚೀಲ ಬೇಡ. ತಲೆಸ್ನಾನ ಮಾಡಿ ಒದ್ದೆ ಕೂದಲಲ್ಲಿ ಹೊರಗೆ ಹೋಗಬೇಡಿ. ಕಾರು ಕೊಂಡರೆ ಮೊದಲು ಡಿಕ್ಕಿಯ ಸಾಮಾನು ಕೊಳ್ಳಿ, ಪೆಟ್ರೋಲ್ ಅರ್ಧ ಟ್ಯಾಂಕಿಗಿಂತ ಕೆಳಗೆ ಬಿಡಬೇಡಿ. ರಾತ್ರಿ ಮೈನಸ್ 25 ಅಂದರೆ ಸಿಂಕ್ ಕೆಳಗಿನ ಕಪಾಟು ತೆರೆದಿಡಿ, ನಲ್ಲಿ ಹನಿ ಹನಿ ಬಿಡಿ, ಪೈಪು ಒಡೆಯುವುದಿಲ್ಲ. ಇದರಲ್ಲಿ ಅರ್ಧ ಪಕ್ಕದ ಮನೆ ಅಜ್ಜಿ ಹೇಳಿದ್ದು, ಸ್ವಲ್ಪ ಅವ್ವ ಹೇಳಿದ್ದು.

ಈ ಸಲ ಕಳಿಸುವ ಮೊದಲು ಮಗಳು ಓದಿ, ಒಂದು ಸಾಲು ಹೊಡೆದುಹಾಕಿ ಎಂದಳು. "ಜನವರಿ ಹೊತ್ತಿಗೆ ಕೆರೆ ಗಟ್ಟಿಯಾಗಿರುತ್ತದೆ, ಹೋಗಿ ನೋಡಿ, ಚೆನ್ನಾಗಿರುತ್ತದೆ" ಅನ್ನುವ ಸಾಲು. ಅದರ ಜಾಗದಲ್ಲಿ ಅವಳೇ ಬರೆದಳು: "ಯಾರೋ ನಡೀತಿದ್ದಾರೆ ಅಂತ ಕೆರೆ ಮೇಲೆ ಇಳಿಯಬೇಡಿ. ನಡೆಯೋಕೆ ಕಡಿಮೆ ಅಂದ್ರೂ 4 ಇಂಚು ಗಟ್ಟಿ ಐಸ್ ಬೇಕು. ತೂತು ಕೊರೆದು ಅಳೆದು ನೋಡಿ. ಹೋದ ವಾರ ಅಳೆದದ್ದು ಈ ವಾರಕ್ಕೆ ಲೆಕ್ಕಕ್ಕಿಲ್ಲ." ಕೊರೆಯುವ ಸಾಮಾನು ನಮ್ಮ ಗ್ಯಾರೇಜಿನಲ್ಲಿದೆ, ಬೇಕಾದವರು ಬಂದು ಒಯ್ಯಬಹುದು ಅಂತಲೂ ಸೇರಿಸಿದಳು. ಮೊದಲು ಫೋನ್ ಮಾಡಿ ಬನ್ನಿ.